ಮೀಸೆಯ ಮಟ್ಟ

"ಈ ಸಲದ ಗೆರೆ ಇನ್ನೂ ಹೊಡೆದಿಲ್ಲ ನೀನು."

ಕೆಂಚಿ ಗಂಡನಿಗೆ ಕೊನೆಯದಾಗಿ ಹೇಳಿದ್ದು ಅಷ್ಟೆ.

ಗಂಡ ಚಿಕ್ಕೀರ, ಹೊಳೆ ದಾಟಿಸುವ ಅಂಬಿಗ. ನೆರೆ ಇಳಿದ ಮೇಲೆ ದಡದ ಹುಣಸೆ ಮರದಲ್ಲಿ, ನೀರು ಮುಟ್ಟಿದ ಕಡೆ, ಉಳಿಯಿಂದ ಒಂದು ಗೆರೆ ಹೊಡೆಯುವುದು ಅವರ ಮನೆತನದ ರೂಢಿ. ಹೆಂಡತಿ ಕೆಸರಿನ ಕಲೆ ನೋಡಿ "ಇಲ್ಲಿ" ಅನ್ನಬೇಕು. ಗಂಡ ಹೊಡೆಯಬೇಕು. ಆ ಸಲ ನೆರೆಯ ಹಿಂದೆಯೇ ಜ್ವರ ಬಂತು. ಕೆಂಚಿ ಹೋದಳು. ಚಿಕ್ಕೀರ ಉಳಿ ಮುಟ್ಟಲಿಲ್ಲ.

ಬೇಸಿಗೆ ಬಂತು. ಪಾಳೆಯಗಾರ ಹೊನ್ನಪ್ಪನಾಯಕ ಅದೇ ಹುಣಸೆಯ ಪಕ್ಕ ಹೊಸ ಚಾವಡಿ ಕಟ್ಟಿಸಿ, ಹೊಳೆಗಾಳಿಗೆ ಮೀಸೆ ಒಡ್ಡಿ ಕೂತ. ಮೀಸೆಯೋ, ಆ ಕಡೆಗೊಂದು ಈ ಕಡೆಗೊಂದು ನಿಂಬೆಹಣ್ಣು ನಿಲ್ಲಿಸಬಹುದು.

ನೆರೆ ಬಂದರೆ ನಮ್ಮ ಸೀಮೆಯಲ್ಲಿ ಎಲ್ಲೆಲ್ಲಿ ಅಪಾಯ, ಬರೆದು ತಾ ಅಂತ ಶ್ಯಾನುಭೋಗ ವೆಂಕರಸಯ್ಯನಿಗೆ ಹೇಳಿದ. ವೆಂಕರಸಯ್ಯ ಹೊಳೆ ನೋಡಲಿಲ್ಲ, ನಾಯಕನ ಮುಖ ನೋಡಿ ಬರೆದ. ಚಾವಡಿಗೆ ಏನೂ ಅಪಾಯವಿಲ್ಲ. ಅಂಬಿಗರ ದಿನ್ನೆಗೆ ಮಹಾ ಅಪಾಯ. ಆ ದಿನ್ನೆಯ ಮೇಲೆ ನಾಯಕನಿಗೆ ಕುದುರೆ ಲಾಯ ಬೇಕಾಗಿತ್ತು. ಊರಿಗೇ ಗೊತ್ತು.

ದಿನ್ನೆಯ ಹನ್ನೆರಡು ಗುಡಿಸಲು ಕೀಳಲು ಅಪ್ಪಣೆಯಾಯಿತು. ಅಂಬಿಗರು ಚಿಕ್ಕೀರನನ್ನು ಮುಂದೆ ಮಾಡಿಕೊಂಡು ಬಂದರು. ದಿನ್ನೆಗೆ ಯಾವತ್ತೂ ನೀರು ಬಂದಿಲ್ಲ, ಬಂದರೆ ಚಾವಡಿಗೇ ಅಂದ ಅವನು.

"ಹೊಳೆಗೆ ನನ್ನ ಹೊಸ್ತಿಲು ತುಳಿಯೋ ಎದೆ ಇದೆಯೇನೋ?" ಅಂದ ನಾಯಕ. "ಸರಿ. ನಾಳೆ ಮಧ್ಯಾಹ್ನದೊಳಗೆ ಇಲ್ಲೇ ನನಗೆ ನೆರೆ ತೋರಿಸು. ಒಂದು ಹನಿ ನೆಲಕ್ಕೆ ಬೀಳಕೂಡದು. ಆಗದಿದ್ರೆ ಗುಡಿಸಲು ಕಿತ್ಕೊಂಡು ಹೊರಡು."

ಮಾರನೆ ದಿನ ಚಿಕ್ಕೀರ ಬಂದ. ಕೈಯಲ್ಲಿ ಕೆಂಪು ದಾರದ ಉಂಡೆ, ಸೀಳಿದ ಬಿದಿರಲ್ಲಿ ನೀರು. ಹುಣಸೆಯ ಎಲ್ಲಕ್ಕಿಂತ ಮೇಲಿನ ಗೆರೆಗೆ ದಾರ ಕಟ್ಟಿದ. ಅದು ಕೆಂಚಿ ಮದುವೆಯಾಗಿ ಬಂದ ವರ್ಷದ್ದು. ಧಾರೆ ಸೀರೆಯಲ್ಲೇ ಕೊಂಬೆ ಮೇಲೆ ಕೂತು "ಇಲ್ಲಿ" ಅಂದಿದ್ದಳು.

ಗಾರೆಯವರು ನೋಡುವ ಹಾಗೆ ಬಿದಿರಿನ ನೀರಲ್ಲಿ ಮಟ್ಟ ನೋಡುತ್ತ, ಕಿಟಕಿಯಿಂದ ದಾರ ಎಳೆದುಕೊಂಡು ಒಳಗೆ ಬಂದ. ಹನಿ ಚೆಲ್ಲಲಿಲ್ಲ. ನೇರ ಕೂತಿದ್ದ ನಾಯಕನ ಹತ್ತಿರ ಹೋದ.

"ಸ್ವಲ್ಪ ಅಲ್ಲಾಡಬೇಡಿ, ಬುದ್ಧಿ."

ದಾರ ಸರಿಯಾಗಿ ಮೂಗಿನ ಕೆಳಗೆ, ಮೀಸೆಯ ಬುಡಕ್ಕೆ ಬಂದು ನಿಂತಿತು. ನಾಯಕನಿಗೆ ಕಚಗುಳಿಯಾಗಿ ಸೀನು ಬಂತು. ದಾರ ಹುಣಸೆಯವರೆಗೂ ನಡುಗಿತು. ಕಾವಲಿನವರು ತುಟಿ ಕಚ್ಚಿಕೊಂಡರು.

"ಏನೋ ಇದು?"

"ನೆರೆ, ಬುದ್ಧಿ."

ದಾರ ಕಟ್ಟಿದರೆ ನೆರೆಯಾಗುತ್ತದೆಯೇ ಅಂತ ವೆಂಕರಸಯ್ಯ ಎದ್ದ. ಹಾಗಾದ್ರೆ ಮಳೆಗಾಲಕ್ಕೆ ನಾಯಕರ ಬದಲು ನೀವೇ ಇಲ್ಲಿ ಕೂತ್ಕೊಳ್ಳಿ ಅಯ್ನೋರೇ ಅಂದ ಚಿಕ್ಕೀರ. ವೆಂಕರಸಯ್ಯ ಕುಳ್ಳ. ದಾರ ನೋಡಿದ, ತನ್ನ ಜುಟ್ಟು ಮುಟ್ಟಿ ನೋಡಿಕೊಂಡ, ಬಾಗಿಲ ಕಡೆ ಸರಿದ.

ನಾಯಕ ಕಣ್ಣು ಕೆಳಗೆ ಮಾಡಿ ದಾರ ನೋಡಲು ಹೆಣಗಿದ. "ಹಾಗಾದ್ರೆ ಅಪಾಯ ನನಗೇ ಅನ್ನು."

"ಎಲ್ಲಾದ್ರೂ ಉಂಟೇ? ಮೀಸೆಗೆ ಏನೂ ಆಗಲ್ಲ, ಬುದ್ಧಿ. ಅಪ್ಪಣೆ ಕೊಡೋ ಬಾಯಿ ಮಾತ್ರ ನೀರಲ್ಲಿರುತ್ತೆ."

ಕಾವಲಿನವರು ನಾಯಕನ ಮುಖ ನೋಡಿದರು. ನಾಯಕ ನಕ್ಕ. ದಾರ ಹರಿಯುವಷ್ಟು ನಕ್ಕ.

ಗುಡಿಸಲು ಉಳಿದವು. ಅಪಾಯದ ಪಟ್ಟಿಯನ್ನು ಹೊಸದಾಗಿ ಬರೆಯಬೇಕು, ಚಿಕ್ಕೀರ ಹೇಳಬೇಕು, ವೆಂಕರಸಯ್ಯ ಬರೆಯಬೇಕು ಅಂತಾಯಿತು. ನಿನಗೇನು ಬೇಕೋ ಕೇಳು ಅಂದ ನಾಯಕ.

"ಒಂದು ಉಳಿ, ಬುದ್ಧಿ. ಹಳೇದು ತುಕ್ಕು ಹಿಡಿದಿದೆ."

ಮಾರನೆ ಬೆಳಿಗ್ಗೆ ಚಿಕ್ಕೀರ ಹುಣಸೆಯ ಹತ್ತಿರ ಹೋದ. ಕೆಸರಿನ ಕಲೆ ಅರ್ಧ ಮಾಸಿತ್ತು. ಅದರ ಮೇಲೆ ಬೆರಳಿಟ್ಟ. "ಇಲ್ಲಿ" ಅಂತ ತಾನೇ ಅಂದ. ಗೆರೆ ಹೊಡೆದ.