ಬಂದೆ ಅನ್ನೋ ಮಾತು

ಇದನ್ನ ಯಾರಿಗೂ ಹೇಳಬೇಡ ಅಂತ ಅಕ್ಕ ಆಣೆ ಹಾಕಿಸಿದ್ಲು. ತಾನು ಅತ್ತಿದ್ದು ಊರಿಗೆಲ್ಲ ಗೊತ್ತಾಗುತ್ತಂತೆ. ಆದ್ರೂ ಹೇಳ್ತೀನಿ. ಇದೇ ಮೊದಲ ಸಲ.

ಅಕ್ಕನ ಹೆಸರು ಪಂಕಜಾಕ್ಷಿ. ಸೆಕೆಂಡ್ ಪಿಯುಸಿ. ಬೆಳಗ್ಗೆ ಹೂವಿನಂಗಡೀಲಿ ಹಾರ ಕಟ್ತಾಳೆ, ಆಮೇಲೆ ಕಾಲೇಜು. ಅಮ್ಮ ಕಾಲು ಮುರ್ಕೊಂಡು ಮಲಗಿದ ಮೇಲೆ ಮನೆ ಕೆಲಸಾನೂ ಅವಳದೇ. ಯಾರು ಕರೆದ್ರೂ ಅವಳ ಬಾಯಲ್ಲಿ ಒಂದೇ ಮಾತು, "ಬಂದೆ!"

ಸಂಜೆ ನಾವಿಬ್ರೂ ಹೊಳೆದಂಡೆ ಆಶ್ರಮಕ್ಕೆ, ಗುರುಗಳ ಹತ್ರ ಪಾಠಕ್ಕೆ ಹೋಗ್ತಿದ್ವಿ. ಅವತ್ತು ಅಕ್ಕ ಮೆಟ್ಟಿಲ ಮೇಲೆ ಕೂತಿದ್ಲು. ತೊಡೆ ಮೇಲೆ ಪುಸ್ತಕ, ಕೈಯಲ್ಲಿ ಅರ್ಧ ಕಟ್ಟಿದ ಹಾರ, ಕಿವೀಲಿ ಫೋನು.

"ಪಂಕಜಾ, ಮಜ್ಜಿಗೆ ಕುಡಿ ಬಾ" ಅಂತ ಗುರುಗಳು ಜಗಲಿಯಿಂದ ಕರೆದ್ರು.

"ಬಂದೆ ಗುರುಗಳೇ! ...ಹ್ಞೂಂ ಅಮ್ಮ, ಬಂದೆ!"

ಗುರುಗಳು ಎದ್ದು ಒಂದು ಮಣೆ ಹಾಕಿದ್ರು. ಅದರ ಮುಂದೆ ಲೋಟ ಇಟ್ರು. ಖಾಲಿ ಮಣೆ ಕಡೆ ನೋಡಿ, "ಕುಡಿಯಮ್ಮ, ಉಪ್ಪು ಸಾಕಾ ನೋಡು" ಅಂದ್ರು.

ನನಗೆ ನಗು ತಡೆಯಕ್ಕಾಗ್ಲಿಲ್ಲ. ಅಕ್ಕ ತಿರುಗಿ ನೋಡಿದ್ಲು.

"ಯಾರ ಜೊತೆ ಮಾತಾಡ್ತಿದ್ದೀರಾ ಗುರುಗಳೇ?"

"ನಿನ್ನ ಜೊತೆ. ಆಗಲೇ ಬಂದೆ ಅಂದ್ಯಲ್ಲ?"

ಅಕ್ಕ ನಗ್ತಾಳೆ ಅನ್ಕೊಂಡೆ. ಅತ್ಬಿಟ್ಳು.

"ಇವತ್ತು ಅಮ್ಮನ ಮಾತ್ರೆ ಡಬ್ಬಿ ನನ್ನ ಬ್ಯಾಗಲ್ಲೇ ಕಾಲೇಜಿಗೆ ಹೋಗಿತ್ತು ಗುರುಗಳೇ. ಅಮ್ಮ ಮಧ್ಯಾಹ್ನವೆಲ್ಲ ನೋವು ತಿಂದ್ಕೊಂಡು ಮಲಗಿದ್ಲು. ನನ್ನ ಕೈಲಾಗಲ್ಲ. ಈ ವರ್ಷ ಪರೀಕ್ಷೆ ಬರೆಯಲ್ಲ."

ಗುರುಗಳು ಸಮಾಧಾನ ಹೇಳ್ಲಿಲ್ಲ. ಅಕ್ಕ ಅತ್ತು ಮುಗಿಸಿ ಕಣ್ಣೊರೆಸ್ಕೊಂಡ್ಲು.

"ಕರೆದೋರಿಗೆಲ್ಲ ಬರಲ್ಲ ಅನ್ಲಾ?" ಅಕ್ಕ ಕೇಳಿದ್ಲು.

"ಬೇಡ. ಬಂದ ಮೇಲೆ ಬಂದೆ ಅನ್ನು."

"ಅಲ್ಲೀತನಕ?"

"ಈಗ ಮಜ್ಜಿಗೆ ಕುಡಿ."

ಅಕ್ಕ ಫೋನ್ ಆಫ್ ಮಾಡಿದ್ಲು. ಹಾರ ಬುಟ್ಟಿಗೆ ಹಾಕಿ ಬಂದು ಮಣೆ ಮೇಲೆ ಕೂತ್ಲು. ಒಂದು ಗುಟುಕು ಕುಡಿದ್ಲು.

"ಬಂದೆ" ಅಂದ್ಲು. "ಉಪ್ಪು ಜಾಸ್ತಿ."

ಗುರುಗಳು ಜೋರಾಗಿ ನಕ್ಕುಬಿಟ್ರು.

ಆಮೇಲೆ ನಮ್ಮನೇಲಿ ಆ ಮಾತು ಕಮ್ಮಿ ಆಯ್ತು. "ಹತ್ತು ನಿಮಿಷ ಅಮ್ಮ" ಅಂದ್ರೆ ಹತ್ತೇ ನಿಮಿಷ. ಅಮ್ಮನಿಗೆ ಜಡೆ ಹಾಕುವಾಗ ಜಡೆ ಮಾತ್ರ. ಪಕ್ಕದ ಮನೆಯೋರು, ಹುಡುಗಿಗೆ ಕೊಬ್ಬು ಬಂದಿದೆ ಅಂದ್ರು. ನನಗೆ ಮಾತ್ರ ಅವಳ ಜೊತೆ ರೋಡಲ್ಲಿ ನಡೆಯಕ್ಕೇ ಒಂಥರಾ ಹೆಮ್ಮೆ.

ಪರೀಕ್ಷೆಗೆ ಎರಡು ದಿನ ಇತ್ತು. ಅಮ್ಮನಿಗೆ ಊಟ, ಮಾತ್ರೆ ಎಲ್ಲ ಕೊಟ್ಟು, "ನಾಲ್ಕು ಗಂಟೆಗೆ ಬರ್ತೀನಿ" ಅಂತ ಅಕ್ಕ ರೂಮಿನ ಬಾಗಿಲು ಹಾಕ್ಕೊಂಡ್ಲು.

ಮೂರು ಗಂಟೆಗೆ ಗುರುಗಳೇ ಮನೆಗೆ ಬಂದ್ರು. ನಾನು ಓಡಿಹೋಗಿ ಬಾಗಿಲು ತಟ್ಟಿದೆ.

"ಅಕ್ಕಾ, ಗುರುಗಳು ಬಂದಿದಾರೆ!"

ಒಳಗೆ ಹಾಳೆ ಮಗುಚೋ ಸದ್ದು, ಅಷ್ಟೇ.

ಇನ್ನೊಂದ್ಸಲ ತಟ್ಟಿದೆ. ಬಾಗಿಲು ಹಾಕಿದ್ದು ಹಾಕಿದ ಹಾಗೇ ಇತ್ತು. ನನಗೆ ನಾಚಿಕೆ ಆಗೋಯ್ತು.

"ತಪ್ಪು ತಿಳ್ಕೋಬೇಡಿ ಗುರುಗಳೇ, ಅಕ್ಕ ಹೀಗೆಲ್ಲ ಮಾಡೋಳಲ್ಲ..."

ಗುರುಗಳು ನನ್ನ ಕೈ ಹಿಡಿದು ತಡೆದ್ರು. ಅವರ ಮುಖ ಅರಳಿತ್ತು.

"ತಟ್ಟಬೇಡ ಮಗು. ಒಳಗಡೆ ನಿಮ್ಮಕ್ಕ ಇದಾಳೆ."