ಲಂಗರಿಗೆ ಕಟ್ಟಿದ ಟೇಪು

“ಅಜ್ಜಾರೇ, ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೆಯುವುದು ತಪ್ಪೇ?” ಎಂದು ಶಿಷ್ಯ ಚನ್ನವೀರ ಸ್ವಾಮಿಗಳನ್ನು ಕೇಳಿದ.

ಮಠದ ದಾಸೋಹದ ಉಸ್ತುವಾರಿ ಅವನದು. ಅಡುಗೆಯ ಗಂಗವ್ವ ಬೆಳಗ್ಗೆ ತಡವಾಗಿ ಬರುತ್ತಾಳೆಂದು ಅವಳನ್ನು ಕೆಲಸದಿಂದ ಬಿಡಿಸಲು ಹೊರಟಿದ್ದ. “ನಾನು ಕೋಳಿ ಕೂಗುವ ಮೊದಲೇ ಏಳುತ್ತೇನೆ. ನಾನು ಮಾಡದ್ದನ್ನು ಇನ್ನೊಬ್ಬರಿಂದ ಕೇಳಿದವನಲ್ಲ. ಆದರೂ ಜನ ನನ್ನನ್ನೇ ಕಟುಕ ಅನ್ನುತ್ತಾರೆ.”

“ಸಿಟ್ಟಿನಲ್ಲಿದ್ದೀಯ, ಮೊದಲು ಕೂತುಕೋ” ಎಂದು ಅಜ್ಜಾರು ಕತೆ ಹೇಳತೊಡಗಿದರು.

ಕಡಲ ತಳದಲ್ಲಿ ಒಂದು ಹಳೆಯ ಹಡಗು ಮುಳುಗಿ ಬಿದ್ದಿತ್ತು. ಅದರ ನಕ್ಷೆ ಬರೆಯಲು ಒಬ್ಬ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳನ್ನು ಕರೆತಂದರು. ನೀರಿಗಿಳಿಯುವುದನ್ನು ಕಲಿಸಿದ ಮುಳುಗುಗಾರನೂ ಜೊತೆಗಿದ್ದ. ಕದಡಿದ ನೀರು, ನಾಲ್ಕು ಮಾರು ಆಚೆ ಏನೂ ಕಾಣದು. ಅಲುಗದ ಒಂದು ಜಾಗಕ್ಕೆ ಅಳತೆಯ ಟೇಪಿನ ತುದಿ ಕಟ್ಟಿ, ಪ್ರತಿ ಮರದ ತುಂಡೂ ಅಲ್ಲಿಂದ ಎಷ್ಟು ದೂರ, ಯಾವ ದಿಕ್ಕು ಎಂದು ಅಳೆಯಬೇಕು.

ತುದಿ ಕಟ್ಟುವ ಕೆಲಸ ಒಬ್ಬ ವಿದ್ಯಾರ್ಥಿಗೆ ಬಂತು. ಬಲು ಚುರುಕಿನ ಹುಡುಗ. ಅವರ ದೋಣಿಯ ಲಂಗರು ಪಕ್ಕದಲ್ಲೇ ಮರಳು ಕಚ್ಚಿ ನಿಂತಿತ್ತು. ಇಷ್ಟು ದೊಡ್ಡ ದೋಣಿಯನ್ನೇ ಹಿಡಿದು ನಿಲ್ಲಿಸಿದೆ, ಇದಕ್ಕಿಂತ ಗಟ್ಟಿ ಇನ್ನೇನು ಬೇಕು ಎಂದುಕೊಂಡು ಅದಕ್ಕೇ ಬಿಗಿದ. ಹಡಗಿನ ಮುಂಭಾಗವನ್ನೆಲ್ಲ ಅಳೆದ. ಕೆಲವು ದಿನಗಳಾದ ಮೇಲೆ ಒಬ್ಬ ವಿದ್ಯಾರ್ಥಿನಿ ಇಳಿದು ಅದೇ ತುದಿಯಿಂದ ಹಿಂಭಾಗವನ್ನು ಅಳೆದಳು.

ಎರಡನ್ನೂ ಸೇರಿಸಿ ನಕ್ಷೆ ಬರೆದರೆ, ಹಡಗಿನ ಹಿಂಭಾಗ ಮುಂಭಾಗದ ಮೇಲೆ ಹತ್ತಿ ಕೂತಿದೆ! ದೋಣಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ.

“ನನ್ನ ಗಂಟು ಗಟ್ಟಿಯಾಗಿದೆ ಸಾರ್. ಇವಳೇ ಏನೋ ಎಡವಟ್ಟು ಮಾಡಿದ್ದಾಳೆ” ಎಂದ ಹುಡುಗ. ಅವಳು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನು ನೀರಿಗಿಳಿಯಬೇಡ, ನಾಳೆಯೇ ಊರಿಗೆ ಹೊರಡು ಎಂದುಬಿಟ್ಟರು ಮೇಷ್ಟ್ರು. ಪಾಪ, ಆಕೆ ಈಜು ಕಲಿತದ್ದೇ ಈ ಕೆಲಸಕ್ಕಾಗಿ.

ಗಂಟನ್ನು ತೋರಿಸಿಯೇ ಬಿಡುತ್ತೇನೆಂದು ಹುಡುಗ ಮುಳುಗುಗಾರನನ್ನು ಕರೆದುಕೊಂಡು ಕೆಳಗಿಳಿದ. ಗಂಟು ಕಟ್ಟಿದಂತೆಯೇ ಇತ್ತು. ಹೆಮ್ಮೆಯಿಂದ ಬೆರಳು ಮಾಡಿ ತೋರಿಸಿದ. ಆಗ ಲಂಗರಿನ ಹಿಂದೆ ಅವನ ಕಣ್ಣು ಬಿತ್ತು. ಮರಳಿನಲ್ಲಿ ನೇಗಿಲು ಎಳೆದ ಹಾಗೆ ಉದ್ದನೆಯ ಗೆರೆ. ಅಲೆ ದೋಣಿಯನ್ನು ಎಳೆದಾಗಲೆಲ್ಲ ಲಂಗರೂ ಇಷ್ಟಿಷ್ಟೇ ಜರುಗಿತ್ತು. ಹುಡುಗನಿಗೆ ನೀರಿನೊಳಗೇ ಮೈ ಬೆವರಿದಂತಾಯಿತು.

ಮೇಲೆ ಬಂದವನು ಎಲ್ಲರೆದುರಿಗೇ ಅವಳಿಗೆ ಹೇಳಿದ: “ನಿನ್ನ ಅಳತೆ ಸರಿಯಾಗಿಯೇ ಇತ್ತು ಮಾರಾಯ್ತಿ. ನನ್ನ ಲಂಗರೇ ಜರುಗಿದೆ.” ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

ಕತೆ ಮುಗಿಯಿತು. ಚನ್ನವೀರನಿಗೆ ನಗು ಬಂತು. “ಎಂಥ ಹುಡುಗ ಅಜ್ಜಾರೇ! ತಾನು ನಂಬಿದ್ದು ನಿಂತಲ್ಲೇ ಇದೆಯೋ ಇಲ್ಲವೋ ಎಂದು ಒಮ್ಮೆಯಾದರೂ ನೋಡಬಾರದೇ?”

“ಅದಿರಲಿ ಚನ್ನವೀರ, ಗಂಗವ್ವ ಹೋದ ವರ್ಷವೂ ಇದೇ ಹೊತ್ತಿಗೆ ಬರುತ್ತಿದ್ದಳು. ಆಗ ನೀನು ಬೆಳಗ್ಗೆ ಎಷ್ಟೊತ್ತಿಗೆ ಏಳುತ್ತಿದ್ದೆ?” ಎಂದರು ಅಜ್ಜಾರು.