ಸುಲಭವಾಗ್ತಾ ಬಂದ ಪ್ರಶ್ನೆಗಳು

"ಯಾವ ಪುಸ್ತಕ ಓದ್ಲಿ ಅಂತ ನನ್ನ ಕೇಳಿದ್ರೆ ನಾನೇನು ಹೇಳ್ಲಿ ತಾಯಿ? ಕೇಳೋಕೆ ಮುಂಚೆನೇ ಅಷ್ಟನ್ನೂ ತಂದು ಟೇಬಲ್ ಮೇಲೆ ಸುರಿದುಬಿಟ್ಟಿದೀಯ. ನನ್ನ ಟೀ ಲೋಟ ಅದರ ಕೆಳಗೆ ಎಲ್ಲೋ ಇದೆ. ಮೊದಲು ಅದನ್ನ ಹುಡುಕಿಕೊಡು, ಆಮೇಲೆ ಪುಸ್ತಕ ಹುಡುಕೋಣ."

ಲೋಟ ಸಿಕ್ತು. ಟೀ ಸಿಗಲಿಲ್ಲ. ಅದು ರೋಗಿಯ ಮೈಯಲ್ಲಿ ನೀರಿನಂಶ ಕಾಪಾಡೋದು ಹೇಗೆ ಅನ್ನೋ ಪಾಠದೊಳಗೆ ಇಂಗಿಹೋಗಿತ್ತು.

ಹೀಗೆ ನನ್ನ ಹತ್ತಿರ ಗೊಣಗಿಸಿಕೊಂಡೋಳು ಶಶಿರೇಖಾ. ತುಮಕೂರಲ್ಲಿ ಟೈರ್ ಪಂಚರ್ ಅಂಗಡಿ ಮೇಲಿನ ರೂಮಲ್ಲಿ ನಾನು ನರ್ಸುಗಳಿಗೆ ಪಾಠ ಹೇಳ್ತೀನಿ. ಹೊರದೇಶದಲ್ಲಿ ಕೆಲಸ ಮಾಡ್ಬೇಕು ಅಂದ್ರೆ ಲೈಸೆನ್ಸ್ ಪರೀಕ್ಷೆ ಅಂತ ಒಂದಿದೆಯಲ್ಲ, ಅದಕ್ಕೆ. ನಾನೂ ಆಸ್ಪತ್ರೆಯಲ್ಲಿ ಇದ್ದೋನೇ. ಅಲ್ಲಿ ಗಂಡಸು ನರ್ಸಿಗೆ 'ಬ್ರದರ್' ಅಂತಾರೆ. ಇಲ್ಲಿ 'ಸಾರ್' ಅಂತಾರೆ. ಜೀವನದಲ್ಲಿ ಸಿಕ್ಕಿರೋ ಬಡ್ತಿ ಅದೊಂದೇ.

ಶಶಿರೇಖಾ ಮಧುಗಿರಿ ಕಡೆ ಹಳ್ಳಿಯೋಳು. ಎರಡು ಸಲ ಬರೆದಿದ್ಲು, ಎರಡು ಸಲಾನೂ ಫೇಲು. ಫೇಲಾಗೋದು ದೊಡ್ಡ ವಿಷಯ ಅಲ್ಲ, ನನ್ನ ಕ್ಲಾಸಲ್ಲಿ ಅದು ಸಂಪ್ರದಾಯ. ಅವಳ ಕಷ್ಟ ಬೇರೆ. ಮೊದಲನೇ ಸಲ ಬರೆಯೋಕೆ ಮುಂಚೆನೇ ಊರಿನೋರು ಆತುರಪಟ್ಟು ಬೀಳ್ಕೊಡುಗೆ ಮಾಡಿಬಿಟ್ರು. ಶಾಲೆ ಮುಂದೆ ಶಾಮಿಯಾನ, ಶಾಲು, ಹಣ್ಣಿನ ಬುಟ್ಟಿ, ಪಂಚಾಯ್ತಿ ಅಧ್ಯಕ್ಷರ ಭಾಷಣ. "ಇನ್ನೂ ಪರೀಕ್ಷೆನೇ ಆಗಿಲ್ಲ" ಅಂತ ಹೇಳೋಕೆ ಇವಳು ಮೈಕ್ ಹತ್ತಿರ ಹೋದ್ಲಂತೆ. ಕರೆಂಟ್ ಹೋಯ್ತಂತೆ.

ಈಗ ಊರಿನೋರ ಪ್ರಕಾರ ಅವಳು ಹೊರದೇಶದಲ್ಲಿದಾಳೆ. ಇರೋದು ತುಮಕೂರು ಬಸ್ ಸ್ಟ್ಯಾಂಡ್ ಹಿಂದಿನ ಒಂದು ರೂಮಲ್ಲಿ. ಅವ್ವನಿಗೆ ಮಾತ್ರ ಗೊತ್ತು. ಅಪ್ಪನಿಗೆ ಮಧ್ಯಾಹ್ನ ಫೋನ್ ಮಾಡಿದ್ರೆ "ಇಲ್ಲೀಗ ರಾತ್ರಿ ಅಪ್ಪ, ನಿದ್ದೆ ಬರ್ತಿದೆ" ಅಂತ ಆಕಳಿಸ್ಬೇಕು. ಒಂದು ಸಲ ಹಾಗೆ ಆಕಳಿಸ್ತಾ ಇರೋವಾಗ ಹಿಂದಿನಿಂದ ಕಂಡಕ್ಟರು "ಸಿರಾ, ಸಿರಾ, ಹಿರಿಯೂರು" ಅಂತ ಕೂಗಿದ್ನಂತೆ. "ಅದೇನಮ್ಮ ಅದು?" ಅಂದ್ರಂತೆ ಅಪ್ಪ. "ಟೀವಿ" ಅಂದ್ಲಂತೆ.

ಪಾಸಾಗೋವರೆಗೂ ಊರಿಗೆ ಹೋಗೋ ಹಾಗಿಲ್ಲ. ಇದು ಮೂರನೇ ಸಲ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಹೊರದೇಶದ ಆಸ್ಪತ್ರೆಯೋರು ಅವಳಿಗೆ ಅಂತ ಇಟ್ಟಿರೋ ಕೆಲಸ ಬೇರೆಯೋರಿಗೆ ಕೊಟ್ಟುಬಿಡ್ತಾರೆ. ಆಮೇಲೆ ಹೊರದೇಶಾನೂ ಇಲ್ಲ, ಊರೂ ಇಲ್ಲ.

ಅವತ್ತು ಕ್ಲಾಸಿಗೆ ಬಂದಾಗಿಂದ ಅವಳದ್ದು ಕೂಗಾಟವೇ.

"ಸಾರ್, ಈ ದಪ್ಪ ಪುಸ್ತಕ ಇನ್ನು ನಾನು ಮುಟ್ಟಲ್ಲ. ಏನು ಬರೆದ್ರೂ ತಪ್ಪು, ತಪ್ಪು, ತಪ್ಪು. ನನ್ನ ಅತ್ತಿಗೆ ಕೂಡ ಇಷ್ಟು ತಪ್ಪು ಹುಡುಕಲ್ಲ. ಮೊಬೈಲಲ್ಲಿ ಒಂದು ಆ್ಯಪ್ ಇದೆ, ಅದರಲ್ಲಿ ನೂರಕ್ಕೆ ತೊಂಬತ್ತು ಬರುತ್ತೆ. ಬಂದಾಗೆಲ್ಲ ಬೆಲೂನ್ ಹಾರಿಸುತ್ತೆ."

"ಬೆಲೂನಾ?"

"ಬಣ್ಣಬಣ್ಣದ್ದು ಸಾರ್. ನನ್ನ ಹುಟ್ಟಿದಹಬ್ಬಕ್ಕೂ ಯಾರೂ ಅಷ್ಟು ಹಾರಿಸಿಲ್ಲ. ಅದನ್ನೇ ಓದ್ಲಾ? ಇದನ್ನ ಓದಿದ್ರೆ ನನಗೆ ಹುಚ್ಚು ಹಿಡಿಯುತ್ತೆ. ನೀವು ಗುರುಗಳು ಅಂತ ಕೇಳ್ತಿದೀನಿ. ಬಾಯಿ ಬಿಟ್ಟು ಹೇಳಿ ಸಾರ್, ಯಾವುದು?"

ಕೂಗು ಎಷ್ಟು ಜೋರಾಗಿತ್ತು ಅಂದ್ರೆ ಕೆಳಗಿನ ಪಂಚರ್ ಅಂಗಡಿಯೋನು ಮೆಟ್ಟಿಲು ಹತ್ತಿ ಬಂದು ಇಣುಕಿದ. "ಏನಿಲ್ಲಪ್ಪ, ಪಾಠ" ಅಂದೆ. ನಂಬದೇ ಹೋದ.

ಗುರು ಅಂದುಬಿಟ್ಟಳಲ್ಲ, ಇನ್ನು ಸುಮ್ಮನೆ ಉತ್ತರ ಕೊಡೋ ಹಾಗಿಲ್ಲ. ಗಂಭೀರವಾಗಿ ಕುರ್ಚಿಗೆ ಒರಗಿದೆ. ಪ್ಲಾಸ್ಟಿಕ್ ಕುರ್ಚಿ, ಹಿಂದಿನ ಕಾಲು ಬಗ್ಗಿತು. ಎದ್ದು, ಗೋಡೆಗೆ ಒರಗಿ ನಿಂತು, ಕತೆ ಶುರು ಮಾಡಿದೆ.

ಒಬ್ಬ ನರ್ಸ್ ಇದ್ಲು. ದೊಡ್ಡ ವಾರ್ಡು, ಇವಳೊಬ್ಬಳೇ. ಒಂದು ಮಂಚದ ಹತ್ತಿರ ನಿಂತ್ರೆ ಇನ್ನೊಂದು ಮಂಚದಿಂದ ಕೂಗು. ಯಾರು ಜೋರಾಗಿ ಕೂಗ್ತಾರೋ ಅಲ್ಲಿಗೆ ಮೊದಲು ಓಡೋಳು. ಕೂಗು ನಿಂತ್ರೆ 'ಸದ್ಯ' ಅಂತ ಉಸಿರು ಬಿಡೋಳು. ವರ್ಷಗಟ್ಟಲೆ ಹಾಗೇ ಅಭ್ಯಾಸ.

ಅವಳಿಗೆ ಒಂದೇ ಆಸೆ. ಒಬ್ಬ ರೋಗಿ ಪಕ್ಕ ಸ್ವಲ್ಪ ಹೊತ್ತು ಕೂತು, ಅವನೊಬ್ಬನನ್ನಾದ್ರೂ ನೆಟ್ಟಗೆ ನೋಡ್ಕೋಬೇಕು. ಹೊರದೇಶದಲ್ಲಿ ಹಾಗೆ ಕೂರಬಹುದು ಅಂತ ಯಾರೋ ಹೇಳಿದ್ರು. ಸರಿ, ಪರೀಕ್ಷೆ ಬರೆಯೋಣ ಅಂತ ಪುಸ್ತಕದಂಗಡಿಗೆ ಹೋದ್ಲು. ಅಂಗಡಿಯೋನು ಒಂದು ಪುಸ್ತಕ ಕೊಟ್ಟ.

ಮನೇಲಿ ತೆಗೆದು ನೋಡಿದ್ಲು. ಮೊದಲನೇ ಪ್ರಶ್ನೆ ಹೀಗಿತ್ತು. ನಾಲ್ಕು ಜನ ರೋಗಿಗಳು. ಒಬ್ಬ ಹೊಟ್ಟೆನೋವು ಅಂತ ಅರಚ್ತಿದಾನೆ. ಒಬ್ಬ ಮನೆಗೆ ಕಳಿಸಿ ಅಂತ ಜಗಳ ಆಡ್ತಿದಾನೆ. ಒಬ್ಬನಿಗೆ ಬ್ಯಾಂಡೇಜು ಬದಲಾಯಿಸ್ಬೇಕು. ಇನ್ನೊಬ್ಬ ಬೆಳಗ್ಗಿಂದ ನರಳ್ತಾ ಇದ್ದೋನು ಈಗ ಸುಮ್ಮನೆ ಮಲಗಿದಾನೆ. ಮೊದಲು ಯಾರನ್ನ ನೋಡ್ತೀರಿ?

ಅರಚೋನನ್ನ ಅಂತ ಗುರುತು ಹಾಕಿದ್ಲು. ತಪ್ಪು ಅಂತು ಪುಸ್ತಕ. ಸುಮ್ಮನೆ ಮಲಗಿರೋನನ್ನ ನೋಡ್ಬೇಕಂತೆ. ಅವಳಿಗೆ ಸಿಟ್ಟು ಬಂತು. ಈಗಷ್ಟೇ ಕಣ್ಣು ಮುಚ್ಚಿರೋನನ್ನ ಯಾವ ನರ್ಸಾದ್ರೂ ಹೋಗಿ ಎಬ್ಬಿಸ್ತಾಳಾ? ಇದನ್ನ ಬರೆದೋನು ವಾರ್ಡಿಗೆ ಕಾಲೇ ಇಟ್ಟಿಲ್ಲ ಅಂದ್ಕೊಂಡ್ಲು. ಮುಂದಿನದೂ ತಪ್ಪು. ಅದರ ಮುಂದಿನದೂ ತಪ್ಪು. ಅತ್ತುಬಿಟ್ಲು. ಬೆಳಗಾಗ್ತಲೇ ಅಂಗಡಿಗೆ ವಾಪಸ್ ತಗೊಂಡು ಹೋದ್ಲು.

"ಈ ಪುಸ್ತಕ ಸರಿಯಿಲ್ಲ."

"ಎಲ್ಲಿ ಹರಿದಿದೆಯಮ್ಮ?"

"ಹರಿದಿಲ್ಲ. ಏನು ಹೇಳಿದ್ರೂ ಒಪ್ಪಲ್ಲ ಅನ್ನುತ್ತೆ."

ಅಂಗಡಿಯೋನು ವ್ಯಾಪಾರಸ್ಥ. ವಾದ ಮಾಡಲಿಲ್ಲ. ಬೇರೆ ಪುಸ್ತಕ ತೆಗೆದುಕೊಟ್ಟ. "ಇದು ತಗೊಂಡು ಹೋಗಿ. ಇದರಲ್ಲಿ ತಪ್ಪು ಹೇಳ್ಬೇಕು ಅಂದ್ರೆ ನೀವೇ ಸ್ವಲ್ಪ ಕಷ್ಟಪಡ್ಬೇಕು."

ಅವನು ಹೇಳಿದ್ದು ನಿಜ. ಎರಡನೇ ಪುಸ್ತಕ ಪುಟಪುಟಕ್ಕೂ ಶಭಾಷ್ ಅಂತು. ನರ್ಸಿಗೆ ಚೆನ್ನಾಗಿ ನಿದ್ದೆ ಬಂತು. ಮೈ ಕೈ ತುಂಬಿಕೊಂಡ್ಲು. ಪರೀಕ್ಷೆ ದಿನ ಹೊಸ ಚಪ್ಪಲಿ ಹಾಕ್ಕೊಂಡು ಹೋದ್ಲು.

ಆ ಪರೀಕ್ಷೆಯ ಪ್ರಶ್ನೆ ಕೇಳೋದು ಕಂಪ್ಯೂಟರು. ಅದರ ರೀತಿ ನಿನಗೂ ಗೊತ್ತಲ್ಲ ಶಶಿರೇಖಾ. ಸರಿ ಹೇಳಿದ್ರೆ ಮುಂದಿನದು ಇನ್ನೂ ಕಷ್ಟದ್ದು ಕೊಡುತ್ತೆ. ತಪ್ಪು ಹೇಳಿದ್ರೆ ಸುಲಭದ್ದಕ್ಕೆ ಇಳಿಯುತ್ತೆ. ಇದನ್ನ ಆ ನರ್ಸಿಗೂ ಯಾರೋ ಹೇಳಿದ್ರು. ಆದ್ರೆ ತಾನು ತಪ್ಪು ಹೇಳಬಹುದು ಅನ್ನೋದೇ ಅವಳಿಗೆ ಮರೆತುಹೋಗಿತ್ತು.

ಮೊದಲು ಹೃದಯ ಬಡಿತದ ಗೆರೆ ತೋರಿಸಿ ಇದೇನು ಅಂತು. ಏನೋ ಹೇಳಿದ್ಲು. ಆಮೇಲೆ ಔಷಧಿ ಎಷ್ಟು ಕೊಡ್ಬೇಕು ಅಂತ ಲೆಕ್ಕ ಕೇಳಿತು. ಅದೂ ಏನೋ ಹೇಳಿದ್ಲು. ಆಮೇಲೆ ಜ್ವರ ನೋಡೋದು ಹೇಗೆ ಅಂತು. ಅರೆ, ಸುಲಭ ಆಗ್ತಿದೆಯಲ್ಲ, ಸದ್ಯ ಅಂದ್ಕೊಂಡ್ಲು. ಕೊನೆಗೆ, ರೋಗಿನ ಮುಟ್ಟೋಕೆ ಮುಂಚೆ ಏನು ಮಾಡ್ತೀರಿ ಅಂತು. ಕೈ ತೊಳ್ಕೋತೀನಿ. ಅವಳಿಗೆ ನಗು ತಡೆಯೋಕೆ ಆಗ್ಲಿಲ್ಲ. ಅಲ್ಲಿದ್ದ ಕಾವಲಿನೋನು ಬಂದು ಸದ್ದು ಮಾಡ್ಬೇಡಿ ಅಂದ. ಅಷ್ಟರಲ್ಲಿ ಕಂಪ್ಯೂಟರು ಸಾಕು ಅಂತ ತಾನೇ ನಿಂತುಹೋಯ್ತು. ಪಕ್ಕದೋರೆಲ್ಲ ಇನ್ನೂ ತಲೆ ಕೆರ್ಕೊಂಡು ಕೂತಿದ್ರು.

ಮಾರನೇ ದಿನ ಡ್ಯೂಟಿಗೆ ಮೈಸೂರು ಪಾಕ್ ತಂದ್ಲು. ಮಂಚದಿಂದ ಮಂಚಕ್ಕೆ ಹಂಚ್ತಾ ಹೋದ್ಲು. ಸಕ್ಕರೆ ಕಾಯಿಲೆಯೋರಿಗೂ ಒಂದೊಂದು ಚೂರು ಕೊಟ್ಟಳು. ಮೂಲೆ ಮಂಚದಲ್ಲಿ ಒಬ್ಬ ಮುದುಕ. ಬೆಳಗ್ಗಿಂದ "ಸಿಸ್ಟರ್, ಸಿಸ್ಟರ್" ಅಂತ ಪ್ರಾಣ ತಿಂತಿದ್ದ. "ಬಂದೆ ಅಜ್ಜ, ಇರು ಅಜ್ಜ" ಅಂತಾನೇ ಇದ್ಲು. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ಸದ್ಯ, ಮಲಗಿದ ಅಂದ್ಲು. ಮಲಗಿರೋನನ್ನ ಎಬ್ಬಿಸೋದು ಯಾಕೆ ಅಂತ ಅವನ ಪಾಲು ಕೊನೆಗೆ ಎತ್ತಿಟ್ಲು.

ಎಲ್ಲರಿಗೂ ಕೊಟ್ಟಾದ ಮೇಲೆ ಆ ಮಂಚಕ್ಕೆ ಹೋದ್ಲು. "ಅಜ್ಜ, ಬಾಯಿ ತೆಗಿ, ನಾನು ಪಾಸಾದೆ" ಅಂದ್ಲು.

ಅಜ್ಜನ ಬಾಯಿ ತೆಗೆದೇ ಇತ್ತು.

ಅವಳು ಕೈಯಲ್ಲಿ ಮೈಸೂರು ಪಾಕ್ ಹಿಡ್ಕೊಂಡು ಅವನ ಪಕ್ಕ ಕೂತ್ಲು. ಯಾರು ಕೂಗಿದ್ರೂ ಏಳಲಿಲ್ಲ. ಕಂಪ್ಯೂಟರು ಯಾಕೆ ಸುಲಭ ಮಾಡ್ತಾ ಬಂತು ಅನ್ನೋದು ಅಲ್ಲಿ ಅರ್ಥ ಆಯ್ತು. ಅವಳು ರಿಸಲ್ಟ್ ನೋಡೋಕೆ ಹೋಗಲೇ ಇಲ್ಲ.

ಕತೆ ಅಲ್ಲಿಗೆ ನಿಲ್ಲಿಸಿದೆ. ಕೆಳಗೆ ಯಾವುದೋ ಟೈರಿಗೆ ಗಾಳಿ ತುಂಬ್ತಾ ಇದ್ರು.

ಶಶಿರೇಖಾ ತಗ್ಗಿದ ದನಿಯಲ್ಲಿ ಅಂದ್ಲು, "ನನಗೂ ಹೋದ ಸಲ ಹಾಗೇ ಸುಲಭ ಆಗ್ತಾ ಬಂತು ಸಾರ್. ಆಚೆ ಬಂದ ತಕ್ಷಣ ಅವ್ವನಿಗೆ ಫೋನ್ ಮಾಡಿ ಪಾಸಾದೆ ಅಂದೆ. ಅವ್ವ ಫೋನಲ್ಲೇ ಅತ್ತಳು."

ನನ್ನ ಕೊನೇ ಮಾತು ನಾಲಿಗೆ ತುದಿಗೆ ಬಂದು ನಿಂತಿತ್ತು. ಹೇಳಿಬಿಟ್ಟೆ.

"ಶಭಾಷ್ ಅನ್ನೋ ಪುಸ್ತಕ ನಿನ್ನ ಮೇಲೆ ಆಸೆ ಬಿಟ್ಟಿದೆ ತಾಯಿ, ತಪ್ಪು ಅಂತ ಕೂಗೋ ಪುಸ್ತಕ ಇನ್ನೂ ಬಿಟ್ಟಿಲ್ಲ."

ಅವಳು ಸುಮ್ಮನಾದ್ಲು.

ಹಾಗೆ ಸುಮ್ಮನಾಗಿದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ. ಒಂದು ಕೂಗಿಲ್ಲ, ಒಂದು ಪ್ರಶ್ನೆ ಇಲ್ಲ. ಟೇಬಲ್ ಮೇಲೆ ಚೆಲ್ಲಾಡಿದ್ದ ಕಾಗದ ಪುಸ್ತಕ ಎಲ್ಲ ಒಂದರ ಮೇಲೊಂದು ಜೋಡಿಸಿದ್ಲು. ಟೀಯಲ್ಲಿ ನೆನೆದಿದ್ದನ್ನ ಕಿಟಕಿ ಹತ್ತಿರ ಒಣಗೋಕೆ ಹಾಕಿದ್ಲು. ದಪ್ಪ ಪುಸ್ತಕಾನೂ ಆ ರಾಶಿ ಮೇಲೇ ಇಟ್ಲು. "ಇವನ್ನೆಲ್ಲ ಬೇರೆ ಯಾರಿಗಾದ್ರೂ ಕೊಟ್ಟುಬಿಡಿ ಸಾರ್" ಅಂದ್ಲು. ಮೊಬೈಲು ಬ್ಯಾಗಿಗೆ ಹಾಕ್ಕೊಂಡು ಮೆಟ್ಟಿಲು ಇಳಿದು ಹೋದ್ಲು.

ನನಗೆ ಒಳಗೊಳಗೇ ಖುಷಿ. ಯಾವ ಪುಸ್ತಕ ಅನ್ನೋ ಗೊಂದಲವೇ ಹೊರಟುಹೋಯ್ತಲ್ಲ, ಕತೆ ಇಷ್ಟು ನಾಟುತ್ತೆ ಅಂತ ನಾನೇ ಅಂದ್ಕೊಂಡಿರಲಿಲ್ಲ. ಎಷ್ಟೋ ಜನರಿಗೆ ಎಷ್ಟೋ ಕತೆ ಹೇಳಿದೀನಿ. ಕೆಲವರು ಆಕಳಿಸಿದಾರೆ. ಒಬ್ಬಳು ನಡುವೆ ಎದ್ದು ಬಸ್ಸು ಹಿಡಿಯೋಕೆ ಹೋಗಿದಾಳೆ. ಕತೆ ಕೇಳಿದೋರು ಹೀಗೆ ಬಾಯಿ ಕಟ್ಟಿ ಎದ್ದು ಹೋಗಿದ್ದು ಇದೇ ಮೊದಲು. ಬಗ್ಗಿದ ಕುರ್ಚಿನ ಗೋಡೆಗೆ ಸರಿಸಿ, ಬಾಗಿಲಿಗೆ ಬೀಗ ಹಾಕಿ, ಮನೆಗೆ ಬಂದೆ.

ಮನೇಲಿ ನನ್ನ ಹೆಂಡತಿ ಸರ್ವಮಂಗಳಾ ನೆನೆಸಿದ ಅವರೆಕಾಳು ಹಿಸುಕ್ತಾ ಕೂತಿದ್ಲು. ಎದುರಿಗೆ ಕೂತು ಕೈಕಾಲು ಆಡಿಸ್ತಾ ಅಷ್ಟೂ ಹೇಳಿದೆ. ಹುಡುಗಿ ಕೂಗಾಡಿದ್ದು, ನಾನು ಕತೆ ಹೇಳಿದ್ದು, ಮುದುಕ, ಮೈಸೂರು ಪಾಕ್, ಕೊನೇ ಮಾತು. "ಅದನ್ನ ಕೇಳಿ ಸುಮ್ಮನಾದೋಳು, ಆಮೇಲೆ ಒಂದು ಕೂಗೂ ಇಲ್ಲ ಕಣೆ. ಪುಸ್ತಕ ಎಲ್ಲ ಬೇರೆ ಯಾರಿಗಾದ್ರೂ ಕೊಡಿ ಅಂತ ಅಲ್ಲೇ ಬಿಟ್ಟು ಹೋದ್ಲು" ಅಂದೆ.

ಅವಳ ಕೈ ನಿಂತಿತು. ಮುಖ ಎತ್ತಿ ನನ್ನನ್ನ ನೋಡಿದ್ಲು.

"ಬೆಳಗ್ಗಿಂದ ಕೂಗಾಡ್ತಿದ್ದ ಹುಡುಗಿ ಸುಮ್ಮನಾದ್ಲು ಅಂತ, ಬಾಗಿಲಿಗೆ ಬೀಗ ಹಾಕ್ಕೊಂಡು ಮನೆಗೆ ಬಂದ್ರೇನ್ರೀ?"